ಎತ್ತರಿಸಿದ ಜೀಪಿನ ಬ್ರೇಕ್ ಪೈಪು

ನಮ್ಮ ಜೀಪಿನ ಬ್ರೇಕ್ ಕೈಕೊಟ್ಟ ದಿನ ಓಡಿಸುತ್ತಿದ್ದವಳು ನಾನೇ. ಹಿಂದಿನ ಸೀಟಿನಲ್ಲಿ ಅಮ್ಮ ಸೊಪ್ಪಿನ ಚೀಲ ಹಿಡಿದು ಕೂತಿದ್ದಳು. ದಾಸರಹಳ್ಳಿಯಲ್ಲಿ ತರಕಾರಿ ಕೊಂಡು ಜಾಲಹಳ್ಳಿಯ ಮನೆಗೆ ಬರುತ್ತಿದ್ದೆವು. ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಅದು ಮೆತ್ತಗೆ ತಳದವರೆಗೂ ಹೋಯಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ದಾಳಿಂಬೆ ಮಾರುವವನ ತಳ್ಳುಗಾಡಿಗೆ ಮೊಳ ದೂರದಲ್ಲಿ ಹೇಗೋ ನಿಲ್ಲಿಸಿದೆ. ಅವನು ಬೈಯಲಿಲ್ಲ. ನನ್ನ ಮುಖ ನೋಡಿ, "ಸ್ವಲ್ಪ ನೀರು ಕುಡೀರಿ ಅಕ್ಕ" ಅಂದ. ಅಮ್ಮ ಇಳಿದು, ಚೀಲ ಹೊತ್ತು ನಡೆದೇ ಮನೆಗೆ ಹೋದಳು.

ಜೀಪು ನನಗೂ ಅಣ್ಣನಿಗೂ ಸೇರಿದ್ದು. ಇಬ್ಬರೂ ಪೀಣ್ಯದಲ್ಲಿ ಕೆಲಸಕ್ಕಿದ್ದೇವೆ, ರಜೆ ಸಿಕ್ಕರೆ ಬೆಟ್ಟದ ಕಲ್ಲುದಾರಿ ಹುಡುಕಿ ಹೋಗುವ ಹುಚ್ಚೂ ಇಬ್ಬರಿಗೂ ಇದೆ. ತಳ ಕಲ್ಲಿಗೆ ತಾಗುತ್ತದೆಂದು ಅಣ್ಣ ಗೆಳೆಯರ ಜೊತೆ ಸೇರಿ ಬೇರೆ ಸ್ಪ್ರಿಂಗ್ ಹಾಕಿಸಿ ಜೀಪನ್ನು ಎತ್ತರಿಸಿದ್ದ. ಅಗಲದ ಟೈರನ್ನೂ ಹಾಕಿಸಿದ್ದ. ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪಿನ ಕಡೆ ಮಾತ್ರ ಯಾರೂ ನೋಡಿರಲಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗೆಲ್ಲ ಅದು ಟೈರಿಗೆ ಉಜ್ಜಿ ಉಜ್ಜಿ ತೂತಾಗಿತ್ತು.

ಅಣ್ಣ ಅದೇ ಅಳತೆಯ ಹೊಸ ಪೈಪು ತಂದು, ಟೈರಿಗೆ ತಾಗದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಒಳಕ್ಕೆ ಎಳೆದು ಕಟ್ಟಿದ. "ಮುಗೀತು" ಅಂದ.

"ಚಕ್ರ ಎತ್ತಿ ನೋಡೋಣ" ಅಂದೆ.

ಜೀಪಿನ ತಳದ ಚೌಕಟ್ಟಿಗೆ, ಅಂದರೆ ಚಾಸಿಗೆ, ಜಾಕ್ ಕೊಟ್ಟು ಎತ್ತಿದೆವು. ಚಕ್ರ ಕೆಳಕ್ಕೆ ಜೋತುಬಿದ್ದಂತೆ ಪೈಪು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿದುಕೊಂಡಿತು. ಕಲ್ಲುದಾರಿಯಲ್ಲಿ ಒಂದು ಗುಂಡಿಗೆ ಚಕ್ರ ಇಳಿದರೆ ಕಿತ್ತೇ ಬರುತ್ತಿತ್ತು.

ಮುಂದಿನ ಭಾನುವಾರ ಉದ್ದದ ಪೈಪು ಬಂತು. ಈಗ ಚಕ್ರ ಜೋತುಬಿದ್ದರೂ ಬಿಗಿಯಲಿಲ್ಲ, ಆದರೆ ಜಾಕ್ ಇಳಿಸಿ ಸ್ಟೀರಿಂಗ್ ತಿರುಗಿಸಿದರೆ ಬಾಗಿದ ಪೈಪು ಮತ್ತೆ ಟೈರಿಗೇ ತಾಗಿತು. ಸ್ಪ್ಯಾನರ್ ಬೀದಿಗೆ ಎಸೆಯಬೇಕೆನಿಸಿತು.

"ಎತ್ತರ ಮಾಡ್ಸೋಕ್ ಮುಂಚೆ ಒಂದ್ಸಲ ಬಗ್ಗಿ ನೋಡ್ಬೇಕಿತ್ತು ನೀನು."

"ಎಲ್ರೂ ಹಿಂಗೇ ಮಾಡಿಸ್ತಾರೆ ಕಣೇ. ಯಾರಿಗೂ ಏನೂ ಆಗಿಲ್ಲ."

"ಅಮ್ಮ ಹಿಂದೆ ಕೂತಿದ್ಲು."

ಅವನು ಮತ್ತೆ ಜೀಪಿನಡಿಗೆ ತೂರಿಕೊಂಡ.

ಪೈಪನ್ನು ಚಾಸಿಗೆ ಹಿಡಿದಿಡುವ ಕ್ಲಾಂಪನ್ನೇ ಒಳಕ್ಕೆ, ಕೆಳಕ್ಕೆ ಸರಿಸಬೇಕಿತ್ತು. ಅದನ್ನು ಸರಿಸಲು ರಬ್ಬರ್ ಪೈಪಿಗೆ ಆಯಿಲ್ ತಂದುಕೊಡುವ ಕಬ್ಬಿಣದ ಕೊಳವೆಯ ನಟ್ಟು ಬಿಚ್ಚಬೇಕು. ತುಕ್ಕು ಹಿಡಿದ ನಟ್ಟು ತಿರುಗಲಿಲ್ಲ, ಅದರ ಮೂಲೆಗಳೇ ಸವೆದುಹೋದವು. ಕೊನೆಗೆ ಕೊಳವೆ ಕತ್ತರಿಸಿ ಹೊಸದು ಹಾಕಿಸಬೇಕಾಯಿತು. ಒಂದು ಬೆರಳುದ್ದದ ಜಾಗಕ್ಕಾಗಿ ಇಷ್ಟೆಲ್ಲ. ಆ ವಾರವಿಡೀ ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋಗುವಾಗ ನನಗೆ ಅಣ್ಣನ ಮೇಲೆ ಸಿಟ್ಟು ಏರುತ್ತಲೇ ಇತ್ತು.

ಕೊನೆಯ ದಿನ ಚಕ್ರವನ್ನು ಇಳಿಬಿಟ್ಟು ನೋಡಿದೆವು, ಮೇಲೆತ್ತಿ ನೋಡಿದೆವು, ಎರಡೂ ಕಡೆ ತಿರುಗಿಸಿ ನೋಡಿದೆವು. ಪೈಪಿಗೂ ಟೈರಿಗೂ ನಡುವೆ ನನ್ನ ಅಂಗೈ ಸಲೀಸಾಗಿ ಹೋಯಿತು. ಇನ್ನು ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ. ನಾನು ಪೆಡಲ್ ಮೇಲೆ, ಅವನು ಚಕ್ರದ ಹತ್ತಿರ.

"ಒತ್ತು. ಹಿಡ್ಕೋ. ಹಿಡ್ಕೋ ಅಂದ್ನಲ್ಲ."

"ಹಿಡ್ಕೊಂಡೇ ಇದೀನಿ."

"ಬಿಡು ಈಗ."

ಕಾಲು ಮರಗಟ್ಟುವ ಹೊತ್ತಿಗೆ ಪೆಡಲ್ ಗಟ್ಟಿಯಾಯಿತು. ಅದೇ ಇಳಿಜಾರಿಗೆ ಒಯ್ದು, ರಸ್ತೆ ಖಾಲಿಯಾಗುವವರೆಗೆ ಕಾದು ಬ್ರೇಕ್ ಒತ್ತಿದೆ. ಜೀಪು ನೆಟ್ಟಗೆ ನಿಂತಿತು. "ಸರಿಹೋಯ್ತಲ್ಲ, ಇನ್ನೂ ಯಾಕೆ ಮುಖ ಊದಿಸ್ಕೊಂಡಿದೀಯ?" ಅಂದ ಅಣ್ಣ. ಸರಿಹೋಗಿತ್ತು, ನಿಜ. ಸಿಟ್ಟು ಮಾತ್ರ ಇಳಿದಿರಲಿಲ್ಲ.

ಮಾರನೆಯ ಬೆಳಗ್ಗೆ ಅಮ್ಮ ಮತ್ತೆ ತರಕಾರಿಗೆಂದು ದಾಸರಹಳ್ಳಿಗೆ ಹೊರಟಿದ್ದಳು. ಬಿಟ್ಟುಬರುತ್ತೇನೆಂದು ಅಣ್ಣ ಕೀಲಿಕೈ ತೆಗೆದುಕೊಂಡ.

"ನೀವಿಬ್ರೂ ಓಡಾಡ್ಕೊಳ್ಳಿ. ನಾನು ಮೆಟ್ರೋದಲ್ಲಿ ಹೋಗ್ತೀನಿ" ಅಂದು ಅವಳು ಚಪ್ಪಲಿ ಮೆಟ್ಟಿ ನಡೆದಳು. ಅಣ್ಣ ಕೀಲಿಕೈ ಹಿಡಿದು ಗೇಟಿನಲ್ಲೇ ನಿಂತಿದ್ದ.