ಪ್ರೈಮರ್ ಮಾವ

ನಮ್ಮ ಎದುರುಮನೆಯವರಿಗೆ ಪ್ರೈಮರ್ ಮಾವ ಎಂದು ಹೆಸರಿಟ್ಟದ್ದು ಬೀದಿಯವರೇ. ಹಳೆಯ ಕಾರಿಗೆ ಮನೆಯಂಗಳದಲ್ಲೇ ಬಣ್ಣ ಹೊಡೆಯಲು ಹೊರಟ ಮನುಷ್ಯ, ಬಣ್ಣಕ್ಕೆ ಮೊದಲು ಹಚ್ಚುವ ಬೂದು ಪ್ರೈಮರ್ ದಾಟಿ ಮುಂದೆ ಹೋದದ್ದೇ ಇಲ್ಲ. ಬೆಳಗಾದರೆ ಧೂಳೇಳದಂತೆ ನೆಲಕ್ಕೆ ನೀರು ಚಿಮುಕಿಸುತ್ತಾರೆ, ಗಾಜಿಗೆಲ್ಲ ಹಳೆಯ ಪೇಪರ್ ಅಂಟಿಸುತ್ತಾರೆ, ಉಜ್ಜುತ್ತಾರೆ, ಹೊಡೆಯುತ್ತಾರೆ, ಮತ್ತೆ ಉಜ್ಜುತ್ತಾರೆ. ಆಗ ನಾವು ಚಾಪೆ ಕೊಡವಿದೆವೋ, ಮುಗಿಯಿತು: "ನಿಮ್ಮನೆ ಧೂಳು ನಿಮ್ಮನೇಲೇ ಇಟ್ಕೊಳ್ರಪ್ಪಾ!" ಬಾನೆಟ್ ಮೇಲೆ ಕೂತ ನೊಣಕ್ಕೂ ಅವರು ಬುದ್ಧಿ ಹೇಳುವುದನ್ನು ನಾನೇ ಕೇಳಿದ್ದೇನೆ. ಸಂಜೆಯಾದರೆ ಅವರ ಹೆಂಡತಿ, ಅಂದರೆ ನಮ್ಮೆಲ್ಲರ ಅತ್ತೆಯ ತಪಾಸಣೆ. ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಏನೂ ಕಾಣದ ಅತ್ತೆ, ಗಂಡನ ತೋಳು ಹಿಡಿದು ಬಂದು ಕಾರಿನ ಬಾಗಿಲ ಮೇಲೆ ಅಂಗೈಯಾಡಿಸುತ್ತಾರೆ. "ರೀ, ಇಲ್ಲಿನ್ನೂ ತರಿತರಿ ಇದೆ." ನೊಣವನ್ನೂ ಗದರಿಸುವ ಮಾವ ತಲೆ ತಗ್ಗಿಸಿ, "ನಾಳೆ ಉಜ್ತೀನಿ ಕಣೇ," ಎನ್ನುತ್ತಾರೆ. ಹೀಗೇ ಆದರೆ ಕಾರೇ ಸವೆದುಹೋಗುತ್ತದೆ ಎಂದು ಬೀದಿಯೆಲ್ಲ ನಗು. ಮೊನ್ನೆ ಅತ್ತೆ ಇಡೀ ಕಾರನ್ನು ಸವರಿ, "ಈಗ ಬೆಣ್ಣೆ ಹಾಗಿದೆ ನೋಡಿ," ಎಂದರು. ಮರುದಿನ ನೋಡಿದರೆ ಮಾವ ಸ್ಪ್ರೇ ಗನ್ ತೊಳೆದು ಮೊಳೆಗೆ ನೇತುಹಾಕಿ ಸುಮ್ಮನೆ ಕೂತಿದ್ದಾರೆ. "ಇನ್ನೇನು ಮಾವ, ಬಣ್ಣ ಹೊಡೆದುಬಿಡಿ," ಎಂದೆ. "ಮುಂದಿನ ವಾರ ಅವಳ ಕಣ್ಣಿನ ಆಪರೇಷನ್ ಇದೆ," ಎಂದರು. "ಯಾವ ಬಣ್ಣ ಅಂತ ಅವಳೇ ನೋಡಿ ಹೇಳ್ಲಿ."