ಇ-ಮೇಲ್‌ಗೆ ಐದಕ್ಕೆ ಐದು

ಬುಧವಾರ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಪಲ್ಲವಿ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದಳು. (ಸಮಯ ಡೈರಿಯಲ್ಲಿದೆ. ಎಲ್ಲಕ್ಕೂ ಗಂಟೆ ಬರೆದಿಡುವ ನನ್ನ ಚಾಳಿ ನಿಮಗೆ ಗೊತ್ತಲ್ಲ.)

"ಮಿಸ್, ಹಾಸನದಲ್ಲಿ ಎಂ.ಎ.ಗೆ ಅರ್ಜಿ ಆಕಿದ್ನಲ್ಲ, ಇನ್ನೂ ಏನೂ ಬಂದಿಲ್ಲ. ನನ್ ಫ್ರೆಂಡ್‌ಗೆ ಬಂದೈತಂತೆ."

ಪಲ್ಲವಿ ಹರದನಹಳ್ಳಿ ಕಡೆಯವಳು. ಹೊಳೆನರಸೀಪುರದ ನಮ್ಮ ಕಾಲೇಜಿನಲ್ಲಿ ಈ ವರ್ಷ ಬಿ.ಎ. ಮುಗಿಸಿದಳು. ಸೀಟು ಸಿಕ್ಕರೆ ಇತಿಹಾಸ ಓದುತ್ತಾಳೆ, ಸಿಗದಿದ್ದರೆ ಅಕ್ಕನ ಜೊತೆ ಗಾರ್ಮೆಂಟ್ಸ್‌ಗೆ. ಮನೆಯಲ್ಲಿ ಹಾಗಂತ ತೀರ್ಮಾನವಾಗಿದೆ.

"ಮೇಲ್ ನೋಡಿದ್ಯಾ?"

"ಮೇಲ್ ಸೈಬರ್ ಅಣ್ಣನ್ ತಾವ ಐತೆ ಮಿಸ್."

ಮೇಲ್ ಎಂದರೆ ಅಂಗಡಿಯಲ್ಲಿ ಬಿಟ್ಟು ಬಂದ ಕೊಡೆಯೇ?

ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಅಂಗಡಿಗೆ ಹೋದೆವು. ಮಾಲೀಕರಿಗೆ ಒಂದಿಷ್ಟೂ ಮುಜುಗರವಿಲ್ಲ. "ಇವ್ರಿಗೆ ಐಡಿ ಮಾಡ್ಕೊಟ್ರೆ ಪಾಸ್‌ವರ್ಡ್ ಮರ್ತ್ಬುಡ್ತಾರೆ ಮೇಡಂ. ಅದ್ಕೇ ಎಲ್ಲಾರ್ಗೂ ನಂದೇ ಆಕ್ಬುಡ್ತೀನಿ." ಓಟಿಪಿ ತಕ್ಷಣ ಸಿಗಲಿ ಅಂತ ಮೊಬೈಲ್ ನಂಬರೂ ಅವರದೇ.

ಪಲ್ಲವಿಯ ಹೆಸರು ಹಾಕಿ ಹುಡುಕಿದರು. ಪತ್ರ ಬಂದು ಎಂಟು ದಿನವಾಗಿತ್ತು. ಮೂಲ ದಾಖಲೆಗಳ ಪರಿಶೀಲನೆ ಇವತ್ತೇ, ಸಂಜೆ ನಾಲ್ಕರೊಳಗೆ. ಬಾರದಿದ್ದರೆ ಸೀಟು ಮುಂದಿನವರಿಗೆ.

ಆಗ ಗಂಟೆ ಹನ್ನೆರಡೂ ನಲವತ್ತು.

"ಮಾರ್ಕ್ಸ್ ಕಾರ್ಡೆಲ್ಲ ಮನೇಲವೆ ಅಣ್ಣ," ಎಂದಳು ಪಲ್ಲವಿ.

ಮಾಲೀಕರು ಶಟರ್ ಎಳೆದರು. "ಅಳ್ಬ್ಯಾಡ ಕಣವ್ವ, ಗಾಡಿ ಅತ್ಕೊ. ಸೀಟ್ ಕೈತಪ್ಪುದ್ರೆ ನಿಮ್ಮಪ್ಪ ಬಂದು ನನ್ ಅಂಗಡಿ ಮುಂದೇನೇ ಕೂತ್ಕತಾರೆ!"

ಬೈಕಿನಲ್ಲಿ ಊರಿಗೆ ಹೋಗಿ, ದಾಖಲೆ ತಂದು, ಅವಳು ಹಾಸನದ ಬಸ್ ಹತ್ತಿದ್ದು ಒಂದೂ ಐವತ್ತಕ್ಕೆ. ಮೂರೂ ಮೂವತ್ತೈದಕ್ಕೆ ಫೋನ್ ಬಂತು. "ಆಯ್ತು ಮಿಸ್." ಅಷ್ಟೇ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ.

ಬಿ.ಎ. ಮಕ್ಕಳಿಗೂ ಒಂದು ಕಂಪ್ಯೂಟರ್ ಪೇಪರ್ ಇದೆ. ಪಾಠ ಮಾಡುವುದು ಇತಿಹಾಸದ ಅತಿಥಿ ಉಪನ್ಯಾಸಕಿಯಾದ ನಾನು. (ಯಾಕೆ ಅಂತೀರಾ? ಟೈಮ್‌ಟೇಬಲ್‌ನಲ್ಲಿ ನನಗೇ ಪೀರಿಯಡ್ ಕಡಿಮೆ ಬಿದ್ದಿದ್ದು.) ಸಿಲಬಸ್‌ನಲ್ಲಿರುವ ಹಳೇ ಕಾಲದ ಟೆಲ್ನೆಟ್, ನ್ಯೂಸ್‌ಗ್ರೂಪ್, ಚಾಟ್‌ರೂಮ್ ಎಲ್ಲವನ್ನೂ ನೋಟ್ಸ್ ಬರೆಸಿದ್ದೇನೆ. ಟೆಲ್ನೆಟ್ ಅನ್ನು ನಾನೂ ಕಂಡವಳಲ್ಲ.

ಗುರುವಾರ ಎರಡನೇ ವರ್ಷದ ಕ್ಲಾಸಿನಲ್ಲಿ ಕೇಳಿದೆ: ಸ್ವಂತ ಇ-ಮೇಲ್ ಯಾರಿಗಿದೆ? ಹಾಜರಿ ಮೂವತ್ನಾಲ್ಕು. ಫೋನು ಮೂವತ್ನಾಲ್ಕು. ಎದ್ದ ಕೈ ಮೂರು. ಉಳಿದವರ ಫೋನಿನೊಳಗೂ ಒಂದೊಂದು ಐಡಿ ಇತ್ತು. ಫೋನ್ ಮಾರಿದವನು ಮಾಡಿಕೊಟ್ಟಿದ್ದು. ಅದು ಇದೆ ಅಂತಲೇ ಇವರಿಗೆ ಗೊತ್ತಿಲ್ಲ.

ಮನೆಗೆ ಬಂದು ಹಳೆಯ ಟೆಸ್ಟ್ ಪೇಪರ್‌ಗಳ ಕಟ್ಟು ಬಿಚ್ಚಿದೆ. 'ಇ-ಮೇಲ್‌ನ ಉಪಯೋಗಗಳನ್ನು ವಿವರಿಸಿ.' ಪಲ್ಲವಿ ಎರಡು ಪುಟ ಬರೆದಿದ್ದಳು, ಅಂದವಾದ ಅಕ್ಷರ. ಮೊದಲ ಸಾಲು: 'ಇ-ಮೇಲ್ ಕ್ಷಣಾರ್ಧದಲ್ಲಿ ತಲುಪುತ್ತದೆ.' ಪಕ್ಕದಲ್ಲಿ ನನ್ನ ಕೆಂಪು ಪೆನ್ನು: ಐದಕ್ಕೆ ಐದು.

ಅವಳಿಗೆ ನಾನು ಕೊಟ್ಟಿದ್ದು ಅಷ್ಟು. ನನಗೆ ನೀವು ಎಷ್ಟು ಕೊಡುತ್ತೀರಿ?