ರವಿಕುಮಾರ್ ದ್ವೀಪ ಸುತ್ತಿದ್ದು

ಜೆ.ಪಿ. ನಗರದ ರವಿಕುಮಾರ್ ಐವತ್ತು ದಾಟಿದ ಮೇಲೆ ಸೈಕಲ್ ಹತ್ತಿದ. ಅದಕ್ಕೂ ಮೊದಲು ಅವನಿಗೆ ಯೋಗದ ಹುಚ್ಚಿತ್ತು. ಯೋಗಕ್ಕೂ ಮೊದಲು ತಾರಸಿಯ ಮೇಲೆ ಸೊಪ್ಪು ಬೆಳೆಯುವ ಹುಚ್ಚು. ಸೊಪ್ಪು ಬೆಳೆದವಳು ಹೆಂಡತಿ ಲತಾಮಣಿ. ಅದರ ಬಗ್ಗೆ ಬಡಾವಣೆಯ ಸಂಘದಲ್ಲಿ ಭಾಷಣ ಮಾಡಿದವನು ರವಿಕುಮಾರ್. ಪಂಪ್‌ಸೆಟ್ ಮಾರುವ ಕಂಪನಿಯೊಂದರಲ್ಲಿ ಅವನು ಏರಿಯಾ ಮ್ಯಾನೇಜರ್. ಅಲ್ಲೂ ಅದೇ ಕತೆ: ಕೈಕೆಳಗಿನವರು ಬಿಸಿಲಲ್ಲಿ ಅಲೆದು ಆರ್ಡರ್ ತರುತ್ತಿದ್ದರು, ಇವನು ಎ.ಸಿ. ಮೀಟಿಂಗ್ ಹಾಲ್‌ನಲ್ಲಿ ನಿಂತು ಅವೆಲ್ಲ ತಾನೇ ತಂದದ್ದು ಎನ್ನುತ್ತಿದ್ದ. ಸುಳ್ಳು ಹೇಳುವವನ ಮುಖದಲ್ಲಿ ಕಾಣುವ ಸಣ್ಣ ಅಳುಕೂ ಅವನಲ್ಲಿ ಇರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅವನೇ ಅದನ್ನು ನಂಬಿಬಿಟ್ಟಿರುತ್ತಿದ್ದ.

ಸೈಕಲ್ ಗುಂಪು ಕಟ್ಟಿದ್ದೂ ತಾನೇ ಎಂದು ಹೇಳಿಕೊಳ್ಳುತ್ತಿದ್ದ. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಮೈಗಂಟುವ ಬಟ್ಟೆ ತೊಟ್ಟು, ಹೊಟ್ಟೆಗಳನ್ನು ಹ್ಯಾಂಡಲ್ ಮೇಲೆ ಚೆಲ್ಲಿಕೊಂಡು ಕನಕಪುರ ರಸ್ತೆಯಲ್ಲಿ ಹೋಗುವರು. ಹೋಟೆಲೊಂದರಲ್ಲಿ ತಟ್ಟೆ ಇಡ್ಲಿ, ಮಸಾಲೆ ದೋಸೆ ಎಲ್ಲ ಮುಗಿಸಿ, ಸುಟ್ಟ ಕೊಬ್ಬನ್ನು ಪೂರ್ತಿ ವಾಪಸು ತುಂಬಿಕೊಂಡು ಬರುವರು. ಮಧ್ಯಾಹ್ನದವರೆಗೂ ಮಾತೆಲ್ಲ ಸೈಕಲ್ಲಿನ ಗೇರುಗಳದು.

ಒಂದು ಡಿಸೆಂಬರಿನಲ್ಲಿ ಗುಂಪು ದೀವ್‌ಗೆ ಹೊರಟಿತು. ಗುಜರಾತಿನ ಅಂಚಿಗೆ ಅಂಟಿಕೊಂಡಂತಿರುವ ಪುಟ್ಟ ದ್ವೀಪ. ಒಂದು ತುದಿಯಲ್ಲಿ ಪೋರ್ಚುಗೀಸರ ಕೋಟೆ, ಇನ್ನೊಂದು ತುದಿಯಲ್ಲಿ ಮೀನುಗಾರರ ಊರು, ನಡುವೆ ಪಾಳುಬಿದ್ದ ಕಟ್ಟಡಗಳು, ಉದ್ದಕ್ಕೂ ಕಡಲು. ಒಂದೇ ದಿನದಲ್ಲಿ ಸೈಕಲ್ ಮೇಲೆ ಸುತ್ತಿಬಿಡಬಹುದು.

"ನೀನೂ ಬಾ ಲತಾ. ಬಟ್ಟೆಬರೆ, ಊಟ ತಿಂಡಿ ನೋಡ್ಕೊಳ್ಳೋರು ಒಬ್ರು ಬೇಕಲ್ಲ" ಎಂದ ರವಿಕುಮಾರ್.

ಲತಾಮಣಿ ಜಯನಗರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ಹುಟ್ಟಿ ಬೆಳೆದದ್ದು ಸುದ್ದಗುಂಟೆಪಾಳ್ಯದಲ್ಲಿ. ಅಲ್ಲಿ ಇನ್ನೂ ತೋಟಗಳಿದ್ದ ಕಾಲದಲ್ಲಿ ಅಣ್ಣನ ಸೈಕಲ್ಲಿನ ಕಂಬಿಯೊಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತವಳು. ಬಟ್ಟೆ ಒಗೆಯಲಿಕ್ಕೆ ಅಷ್ಟು ದೂರ ಹೋಗುವ ಮನಸ್ಸೇನೂ ಇರಲಿಲ್ಲ. ಕಡಲು ನೋಡಬೇಕು ಅನ್ನಿಸಿತು, ಹೋದಳು. ದೀವ್‌ನಲ್ಲಿ ಬುಟ್ಟಿ ಇರುವ ಸಾದಾ ಸೈಕಲ್ಲೊಂದನ್ನು ಬಾಡಿಗೆಗೆ ಹಿಡಿದಳು. ಗುಂಪಿನವರು ಅದನ್ನು ನೋಡಿ ನಕ್ಕರು.

ಬೆಳಿಗ್ಗೆ ಕೋಟೆಯಿಂದ ಆರಂಭ. ಪೋರ್ಚುಗೀಸರ ಕೋಟೆ ಎಂದು ಮೂರು ಭಾಷೆಯಲ್ಲಿ ಬರೆದಿದ್ದ ಬೋರ್ಡಿಗೆ ಒರಗಿಕೊಂಡು ರವಿಕುಮಾರ್ ಡಚ್ಚರ ಚರಿತ್ರೆ ಹೇಳಿದ. ಯಾರೂ ತಿದ್ದಲಿಲ್ಲ, ಯಾರೂ ಕೇಳಿಸಿಕೊಂಡಿರಲೂ ಇಲ್ಲ. ಆಮೇಲೆ ತುಕ್ಕು ಹಿಡಿದ ಫಿರಂಗಿಯೊಂದಕ್ಕೆ ತಮ್ಮ ಗುಂಪಿನ ಸ್ಟಿಕ್ಕರ್ ಅಂಟಿಸಿ, ಅದರ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡ. ಎಲ್ಲರೂ ಹೊರಟ ಮೇಲೆ ಲತಾಮಣಿ ಆ ಸ್ಟಿಕ್ಕರನ್ನು ಉಗುರಿನಿಂದ ಕೆರೆದಳು. ಅರ್ಧ ಬಂತು, ಇನ್ನರ್ಧ ಅಲ್ಲೇ ಉಳಿಯಿತು.

ಹಾಗಾಗಿ ಅವಳು ಹಿಂದೆ ಬಿದ್ದಳು. ದಕ್ಷಿಣದ ಕಡಲ ದಾರಿಯಲ್ಲಿ ಎದುರುಗಾಳಿ ಜೋರಾಗಿತ್ತು. ಕವಲೊಡೆದ ತಾಳೆಮರಗಳ ಸಾಲೊಂದನ್ನು ದಾಟುವಾಗ ರಸ್ತೆಬದಿಯ ಮರಳಿನಲ್ಲಿ ಒಬ್ಬರು ಕೂತಿರುವುದು ಕಂಡಿತು. ಬನಶಂಕರಿಯ ವೆಂಕಟಸ್ವಾಮಿ, ಬ್ಯಾಂಕಿನಿಂದ ನಿವೃತ್ತರಾದವರು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು. ಸೈಕಲ್ ಪಕ್ಕದಲ್ಲಿ ಬಿದ್ದಿತ್ತು. ಮುಖ ಬೂದಿಯಂತಾಗಿತ್ತು, ಒಂದು ಕೈ ಎದೆಯ ಮೇಲಿತ್ತು.

"ಏನಾಯ್ತು ಸಾರ್?"

"ಎದೆ ಹಿಡಿದ ಹಾಗಾಯ್ತು, ಬಿದ್ದುಬಿಟ್ಟೆ. ಉಸಿರಾಡೋಕೆ ಆಗ್ತಿಲ್ಲಮ್ಮ."

"ಯಾರೂ ನೋಡ್ಲಿಲ್ವಾ?"

ವೆಂಕಟಸ್ವಾಮಿ ಮುಂದಿನ ರಸ್ತೆಯ ಕಡೆ ಕೈ ತೋರಿಸಿದರು. "ಮಿಕ್ಕೋರು ಮುಂದೆ ಹೋಗಿದ್ರು. ರವಿ ನೋಡಿದ್ರು. ಹಿಂದೆ ಲತಾ ಬರ್ತಾಳೆ, ಅವಳು ನೋಡ್ಕೋತಾಳೆ ಸಾರ್ ಅಂದ್ರು. ಕಾಲು ಕೆಳಗಿಡಲಿಲ್ಲ."

ಮೀನು ಸಾಗಿಸುವ ಟೆಂಪೋ ಒಂದು ಬಂತು. ಲತಾಮಣಿ ರಸ್ತೆಯ ನಡುವೆ ನಿಂತು ಎರಡೂ ಕೈ ಚಾಚಿ ಅದನ್ನು ತಡೆದಳು. ಅವಳ ಹಿಂದಿ ಅರ್ಧ ಕನ್ನಡವೇ ಆಗಿತ್ತು, ಡ್ರೈವರ್ ಅರ್ಥ ಮಾಡಿಕೊಂಡ. ಐಸಿನ ಪೆಟ್ಟಿಗೆಗಳ ನಡುವೆ ವೆಂಕಟಸ್ವಾಮಿಯವರನ್ನು ಮಲಗಿಸಿ, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆ ತಲುಪಿದಳು. ಹೃದಯದ ತೊಂದರೆ, ಬೇಗ ತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಅವಳು ಗಂಡನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಆಸ್ಪತ್ರೆಯ ಹೆಸರು ಬರೆದು ಮೆಸೇಜ್ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅವನಿಂದಲೇ ಒಂದು ಫೋಟೋ ಬಂತು: ಬೀಚಿನಲ್ಲಿ ಎಳನೀರು ಹಿಡಿದು ನಗುತ್ತಿದ್ದ.

ಸಂಜೆ ಅವನು ಕಿತ್ತಳೆ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಸ್ನಾನ ಆಗಿತ್ತು, ಪೌಡರ್ ವಾಸನೆ ಬರುತ್ತಿತ್ತು. ವೆಂಕಟಸ್ವಾಮಿಯವರ ಮಂಚದ ಪಕ್ಕ ಬಾಗಿ ಸೆಲ್ಫಿ ತೆಗೆದುಕೊಂಡ. ಲತಾಮಣಿ ಅವನನ್ನು ವರಾಂಡಕ್ಕೆ ಕರೆದಳು.

"ಯಾಕ್ರೀ ನಿಲ್ಲಲಿಲ್ಲ?"

"ಮುಂದೆ ಹೋಗಿ ಯಾರನ್ನಾದ್ರೂ ಕರ್ಕೊಂಡು ಬರೋಣ ಅಂತ ಹೋದೆ ಕಣೆ."

"ಯಾರು ಸಿಕ್ಕಿದ್ರು?"

"ನೆಟ್‌ವರ್ಕೇ ಇರ್ಲಿಲ್ಲ ಅಲ್ಲಿ."

ಎಳನೀರಿನ ಫೋಟೋ ಯಾವ ನೆಟ್‌ವರ್ಕಿನಲ್ಲಿ ಬಂತೆಂದು ಅವಳು ಕೇಳಲಿಲ್ಲ. ಅಷ್ಟರಲ್ಲಿ, ಅವನ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಗುಂಪಿನವರ ಮೊಬೈಲುಗಳೆಲ್ಲ ಟಿಣ್ ಎಂದವು. ಹಿರಿಯರೊಬ್ಬರ ಜೀವ ಉಳಿಸಿದ ಸಾರ್ಥಕ ದಿನ ಎಂದು ಅವನು ಆಗಲೇ ಬರೆದು ಹಾಕಿದ್ದ.

ಮರುದಿನ ವೆಂಕಟಸ್ವಾಮಿಯವರ ಮಗ ಬಂದಿಳಿದ. ಲತಾಮಣಿ ಟೆಂಪೋದಲ್ಲೇ ಹಾಕಿ ತಂದಿದ್ದ ಬಾಡಿಗೆ ಸೈಕಲ್ ಹತ್ತಿ ಒಬ್ಬಳೇ ಹೊರಟಳು. ಬಂಡೆಗಳ ನಡುವೆ ಅಲೆಗಳೇ ಬಂದು ಶಿವಲಿಂಗಗಳನ್ನು ತೊಳೆಯುವ ಒಂದು ಜಾಗದಲ್ಲಿ ಇಳಿದು ಕೂತಳು. ನೀರು ಬಂದು ಲಿಂಗಗಳನ್ನು ಮುಚ್ಚುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಮದುವೆಯಾದಾಗಿನಿಂದ ಗಂಡನ ವಿಷಯದಲ್ಲಿ ಅವಳೊಳಗೆ ಒಂದು ಭಾವ ಇತ್ತು. ಅದನ್ನು ಅವಳು ತಾಳ್ಮೆ ಎಂದು ಕರೆದುಕೊಂಡಿದ್ದಳು. ನೆಂಟರೂ ಹಾಗೇ ಹೊಗಳುತ್ತಿದ್ದರು. ಅದು ತಾಳ್ಮೆ ಅಲ್ಲ, ತಿರಸ್ಕಾರ ಎಂದು ಅಲ್ಲಿ ಕೂತಾಗ ಅವಳಿಗೆ ತಿಳಿಯಿತು. ತಿಳಿದು ದುಃಖವೇನೂ ಆಗಲಿಲ್ಲ. ಹಸಿವಾಯಿತು. ಮೀನುಗಾರರ ಊರಿನವರೆಗೂ ತುಳಿದುಕೊಂಡು ಹೋಗಿ, ಅಲ್ಲಿ ಬಿಸಿ ರೊಟ್ಟಿ ತಿಂದು, ಉತ್ತರದ ಉಪ್ಪಿನ ಗದ್ದೆಗಳ ಕಡೆಯಿಂದ ಇಡೀ ದ್ವೀಪ ಬಳಸಿ ವಾಪಸು ಬಂದಳು. ದ್ವೀಪ ಸುತ್ತಿದ ವಿಷಯ ಯಾರಿಗೂ ಹೇಳಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಬಡಾವಣೆಯ ಸಂಘದವರು ರವಿಕುಮಾರ್‌ಗೆ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಏಲಕ್ಕಿ ಮಾಲೆ, ಮೈಸೂರು ಪೇಟ ಎಲ್ಲವೂ ಇತ್ತು. ಅವನು ಅರ್ಧ ಗಂಟೆ ಮಾತಾಡಿದ. ಅವನ ಮಾತಿನಲ್ಲಿ ಟೆಂಪೋ ತಡೆದವನು ಅವನೇ, ತೊಡೆಯ ಮೇಲೆ ತಲೆ ಇಟ್ಟುಕೊಂಡವನೂ ಅವನೇ. ಚೇತರಿಸಿಕೊಂಡಿದ್ದ ವೆಂಕಟಸ್ವಾಮಿ ಮೈಕಿನ ಮುಂದೆ ಬಂದು, ಮುಖ ಕೆಳಗೆ ಹಾಕಿಕೊಂಡೇ, "ರವಿಯವರಿಗೆ ಋಣಿ" ಎಂದು ಹೇಳಿ ಇಳಿದರು. ನಿರೂಪಕಿ ಅರ್ಪಿತ, "ಶ್ರೀಮತಿಯವರೂ ಎರಡು ಮಾತಾಡಬೇಕು" ಎಂದು ಮೈಕನ್ನು ಲತಾಮಣಿಯ ಕೈಗೆ ಕೊಟ್ಟಳು.

"ಇವರು ನಿಲ್ಲಿಸಲಿಲ್ಲ. ಸಾರ್ ಬಿದ್ದಿದ್ದು ನೋಡಿಕೊಂಡೇ ಹೋದ್ರು. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಾನು" ಎಂದಳು ಲತಾಮಣಿ, ಆಫೀಸಿನಲ್ಲಿ ಹುಡುಗರಿಗೆ ಫೀಸು ಕಟ್ಟುವ ಕೊನೆಯ ದಿನಾಂಕ ಹೇಳುವ ದನಿಯಲ್ಲಿ.

ರವಿಕುಮಾರ್ ಪೇಟ ಸರಿಮಾಡಿಕೊಂಡು ನಕ್ಕ. "ನೋಡಿ, ಮನೇಲೂ ನನ್ನ ಕಾಲು ಹೀಗೇ ಎಳೀತಾಳೆ" ಎಂದ. ಸಭೆಗೆ ಉಸಿರು ಬಂತು. ಜನ ಹೊಟ್ಟೆ ಹಿಡಿದು ನಕ್ಕರು, ಚಪ್ಪಾಳೆ ಹೊಡೆದರು. ಅಲ್ಲಿದ್ದವರಲ್ಲಿ, ಆ ದಿನ ಅವನ ಜೊತೆ ಬೀಚಿನಲ್ಲಿ ಎಳನೀರು ಕುಡಿದಿದ್ದ ಗುಂಪಿನ ಆರೇಳು ಜನರಿಗೆ ನಿಜ ಗೊತ್ತಿತ್ತು. ಅವರ ಚಪ್ಪಾಳೆಯೇ ಹೆಚ್ಚು ಜೋರಾಗಿತ್ತು. ಆಮೇಲೆ ಎಲ್ಲರೂ ಎದ್ದು ಬಿಸಿಬೇಳೆಬಾತಿನ ಕಡೆ ನಡೆದರು.

ಎರಡು ದಿನ ಕಳೆದು ವೆಂಕಟಸ್ವಾಮಿ ಮನೆಗೆ ಬಂದರು. ರವಿಕುಮಾರ್ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದರು.

"ತಪ್ಪಾಯ್ತಮ್ಮ. ನಿಮ್ಮ ಹೆಸರು ಹೇಳ್ಬೇಕಿತ್ತು."

"ಯಾಕೆ ಹೇಳಲಿಲ್ಲ ಸಾರ್?"

"ಒಂದೇ ಊರಲ್ಲಿ ಇರೋದು. ನಾಳೆ ಗುಂಪಲ್ಲಿ ಮತ್ತೆ ಮುಖ ನೋಡ್ಬೇಕಲ್ಲ."

ಲತಾಮಣಿ ಕಾಫಿ ತಂದು ಮುಂದಿಟ್ಟಳು. ಪರವಾಗಿಲ್ಲ ಬಿಡಿ ಎನ್ನಲಿಲ್ಲ. ಅವರು ಆ ಮಾತಿಗಾಗಿ ಕಾದು, ಲೋಟ ಖಾಲಿ ಮಾಡಿ, ಚಪ್ಪಲಿ ಮೆಟ್ಟಿ ಹೋದರು. ಗಂಡನ ಮೇಲೆ ಇದ್ದದ್ದಕ್ಕಿಂತ ಹೆಚ್ಚಿನ ಅಸಹ್ಯ ಅವಳಿಗೆ ಆ ಮುದುಕರ ಬೆನ್ನು ನೋಡಿದಾಗ ಬಂತು. ಗಂಡ ಸುಳ್ಳನ್ನು ನಂಬಿಯಾದರೂ ಹೇಳುತ್ತಿದ್ದ. ಇವರಿಗೆ ಆ ನೆಪವೂ ಇರಲಿಲ್ಲ.

ರವಿಕುಮಾರ್ ಈಗ ಸಂಘದ ಅಧ್ಯಕ್ಷ. ಲತಾಮಣಿ ಅದೇ ಮನೆಯಲ್ಲಿದ್ದಾಳೆ, ಮಹಡಿಯ ಕೋಣೆಯಲ್ಲಿ. ಅವನ ಬಟ್ಟೆ ಒಗೆಯುವುದಿಲ್ಲ, ಬೆಳಿಗ್ಗೆ ರಾಗಿಗಂಜಿ ಕಾಯಿಸುವುದಿಲ್ಲ. ಒಂದು ಸಾದಾ ಸೈಕಲ್ ಕೊಂಡು ಅದರಲ್ಲೇ ಕಾಲೇಜಿಗೆ ಹೋಗಿ ಬರುತ್ತಾಳೆ. ಬೇಕಾದಷ್ಟು ಮಾತು ಮಾತ್ರ ಆಡುತ್ತಾಳೆ. ಹೆಂಡತಿ ತನ್ನ ಬಾಳಿನಿಂದ ಎದ್ದು ಹೋಗಿದ್ದಾಳೆ ಎಂಬುದು ಅವನಿಗೆ ತಿಳಿದಿದೆಯೋ ಇಲ್ಲವೋ ಹೇಳುವುದು ಕಷ್ಟ. ಮೊನ್ನೆ ಯಾರೋ, "ಮನೆಯವರು ಹೇಗಿದ್ದಾರೆ ಸಾರ್?" ಎಂದು ಕೇಳಿದ್ದಕ್ಕೆ, "ಸೂಪರ್. ಅವಳಿಗೂ ಸೈಕಲ್ ಕಲಿಸಿಬಿಟ್ಟೆ" ಎಂದನಂತೆ.